ಒಂದೆಲಗ, ಬ್ರಾಹ್ಮಿ ಎರಡೂ ಸಂಬಂಧಿಕರಾ? ಕ್ಲೋರೋಪ್ಲಾಸ್ಟ್ ಜೀನೋಮ್ ಬಗ್ಗೆ ಗೊತ್ತಿರೋರು ಹೇಳಿ

ಹಿತ್ತಲಗಿಡ:
ನಮ್ಮೂರು ಸಾಗರದ ಹತ್ರ. ಬಚ್ಚಲ ನೀರು ಹರಿಯೋ ಜಾಗದಲ್ಲಿ ಒಂದೆಲಗ ಹಬ್ಕೊಂಡಿದೆ, ಅಮ್ಮ ಅದ್ರದ್ದೇ ತಂಬುಳಿ ಮಾಡೋದು, ಚಿಕ್ಕಂದಿನಿಂದ ಅದನ್ನೇ ಬ್ರಾಹ್ಮಿ ಅಂತ ಕೇಳ್ಕೊಂಡು ಬೆಳ್ದಿದೀನಿ. ಹೋದ ತಿಂಗ್ಳು ನರ್ಸರಿಯಿಂದ ಬ್ರಾಹ್ಮಿ ಅಂತ ಚೀಟಿ ಅಂಟಿಸಿದ್ದ ಕುಂಡ ತಂದೆ, ನೋಡಿದ್ರೆ ಅದು ಬೇರೆನೇ ಗಿಡ, ಎಲೆ ಪುಟ್ಟದು, ದಪ್ಪ, ಹೂವು ಬಿಳಿ, ಬಾಯಿಗೆ ಹಾಕಿದ್ರೆ ವಿಪರೀತ ಕಹಿ. ಅಮ್ಮ "ಇದೆಂಥ ಬ್ರಾಹ್ಮಿಯೇ" ಅಂದ್ರು. ಇನ್ನೊಂದು ಗೊಂದಲ ಏನಂದ್ರೆ, ನನ್ನ ಬಿಎಸ್ಸಿ ನೋಟ್ಸಲ್ಲಿ ಈ ಸಣ್ಣೆಲೆ ಗಿಡ ಅಂದ್ರೆ ಬಕೋಪ, ಸ್ಕ್ರೋಫುಲೇರಿಯೇಸಿ ಕುಟುಂಬ ಅಂತಿದೆ, ತಂಗಿ ಈಗ ಎಂಎಸ್ಸಿ ಓದ್ತಿದಾಳೆ, ಅವ್ಳು ಪ್ಲಾಂಟಜಿನೇಸಿ ಅಂತಾಳೆ, ಕ್ಲೋರೋಪ್ಲಾಸ್ಟ್ ಡಿಎನ್‌ಎ ನೋಡಿ ಬದಲಾಯಿಸಿದ್ರಂತೆ. ಎಲೆಗೆ ಹಸಿರು ಬಣ್ಣ ಕೊಡೋ ವಸ್ತು ನೋಡಿ ನೆಂಟಸ್ತನ ಹೇಗೆ ಹೇಳ್ತಾರೆ?

ಲ್ಯಾಬ್‌ನಲ್ಲಿರೋನು:
ತಂಗಿ ಹೇಳಿದ್ದು ಸರಿ ಇದೆ. ನಾನು ಇದೇ ಕೆಲ್ಸ ಮಾಡೋನು, ಒಣಗಿದ ಎಲೆನ ದ್ರವ ಸಾರಜನಕ ಹಾಕಿ ಕುಟ್ಟಿ ಡಿಎನ್‌ಎ ತೆಗೆಯೋದು. ಕ್ಲೋರೋಪ್ಲಾಸ್ಟ್ ಅಂದ್ರೆ ಬರೀ ಬಣ್ಣ ಅಲ್ಲ, ಎಲೆ ಕೋಶದೊಳಗಿರೋ ಪುಟ್ಟ ಹಸಿರು ಭಾಗ, ಅದು ಹಿಂದೊಮ್ಮೆ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾ, ಅದಕ್ಕೇ ಅದ್ರೊಳಗೆ ಅದ್ರದ್ದೇ ಸ್ವಂತ ಡಿಎನ್‌ಎ ಉಳಿದಿದೆ, ಸಾಮಾನ್ಯ ಗಿಡಗಳಲ್ಲಿ ಸುಮಾರು ಒಂದೂವರೆ ಲಕ್ಷ ಅಕ್ಷರ (ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿಗೆ ಹಾಗಂತೀವಿ). 1986ರಲ್ಲಿ ಜಪಾನಿನವ್ರು ತಂಬಾಕಿನದ್ದು ಪೂರ್ತಿ ಓದಿದ್ರು. ಒಂದೊಂದು ಎಲೆ ಕೋಶದಲ್ಲೂ ಇದ್ರ ಪ್ರತಿಗಳು ನೂರಾರು, ಸಾವಿರಾರು ಇರೋದ್ರಿಂದ ಹಳೇ ಒಣ ಎಲೆಯಿಂದಲೂ ಎಷ್ಟೋ ಸಲ ಸಿಗುತ್ತೆ. ಅಷ್ಟೇ ಅಲ್ಲ, ಅದ್ರಲ್ಲಿರೋ ಜೀನ್‌ಗಳು ತುಂಬ ನಿಧಾನವಾಗಿ ಬದಲಾಗ್ತವೆ, ಆರ್‌ಬಿಸಿಎಲ್ ಅಂತ ಒಂದು ಜೀನ್ ಇದೆ, ಗಾಳಿಯ ಇಂಗಾಲ ಹಿಡಿಯೋ ಕಿಣ್ವದ್ದು, ಕುಟುಂಬ ಕುಟುಂಬಗಳ ನಡುವಿನ ಹೋಲಿಕೆಗೆ ಅದು ಚೆನ್ನಾಗಿ ಕೆಲ್ಸಕ್ಕೆ ಬರುತ್ತೆ, ಆದ್ರೆ ಹತ್ತಿರದ ಜಾತಿಗಳನ್ನ ಬೇರೆ ಮಾಡ್ಬೇಕಂದ್ರೆ ಜೀನ್‌ಗಳ ಮಧ್ಯದ ಖಾಲಿ ಜಾಗ ನೋಡ್ಬೇಕು, ಅಲ್ಲಿ ಬದಲಾವಣೆ ಬೇಗ ಆಗುತ್ತೆ. 1995ರಲ್ಲಿ ಎರಡು ಕ್ಲೋರೋಪ್ಲಾಸ್ಟ್ ಜೀನ್ ಹೋಲಿಸಿ ನೋಡಿದಾಗ ಹಳೇ ಸ್ಕ್ರೋಫುಲೇರಿಯೇಸಿ ಒಂದೇ ಕುಟುಂಬ ಅಲ್ಲ, ಬೇರೆ ಬೇರೆ ಮನೆಯವ್ರನ್ನ ಒಟ್ಟಿಗೆ ಕೂರಿಸಿದ್ದಾರೆ ಅಂತ ಗೊತ್ತಾಯ್ತು, ಆಮೇಲೆ ಅದನ್ನ ಒಡೆದು ಹಂಚಿದ್ರು. ಬಕೋಪ ಹೋಗಿ ಸೇರಿದ್ದು ಇಸಬಗೋಲ್ ಇರೋ ಮನೆಗೆ, ಅದೇ ಪ್ಲಾಂಟಜಿನೇಸಿ! ಹೃದಯದ ಔಷಧಿ ಕೊಡೋ ಡಿಜಿಟಾಲಿಸ್ ಕೂಡ ಅಲ್ಲೇ.

ಒಂದೆಲಗ ಮಾತ್ರ ಕೊತ್ತಂಬರಿ, ಜೀರಿಗೆ, ಇಂಗು, ಕ್ಯಾರೆಟ್ ಕುಟುಂಬದ್ದು. ಇವೆರಡರ ದಾರಿ ಡೈನೋಸಾರ್ ಕಾಲದಲ್ಲೇ ಬೇರೆ ಆಗಿದೆ. ಬ್ರಾಹ್ಮಿಗೆ ಒಂದೆಲಗಕ್ಕಿಂತ ತುಳಸಿನೇ ಹತ್ತಿರದ ನೆಂಟ.

ಪಂಡಿತರ ಮನೆ:
ನಾನು ಆಯುರ್ವೇದ ವೈದ್ಯೆ. ತಾಯಿಯವ್ರು ತಪ್ಪು ಹೇಳ್ತಿಲ್ಲ ಅಂತ ಮೊದ್ಲು ಹೇಳ್ಬಿಡ್ತೀನಿ, ನಮ್ಮ ಕಡೆ ಒಂದೆಲಗಕ್ಕೆ ಬ್ರಾಹ್ಮಿ ಅನ್ನೋದು ಬಹಳ ಹಳೇ ರೂಢಿ. ಹವ್ಯಕರು ಉರಗೆ ಅಂತಾರೆ, ತುಳುವಿನಲ್ಲಿ ತಿಮರೆ. ಆದ್ರೆ ಭಾರತದ ಆಯುರ್ವೇದ ಫಾರ್ಮಾಕೊಪಿಯಾದಲ್ಲಿ, ಅಂದ್ರೆ ಔಷಧಿಗಳ ಅಧಿಕೃತ ಪುಸ್ತಕದಲ್ಲಿ, ಬ್ರಾಹ್ಮಿ ಅಂದ್ರೆ ಬಕೋಪ, ಒಂದೆಲಗಕ್ಕೆ ಮಂಡೂಕಪರ್ಣಿ ಅಂತ ಬೇರೆ ಹೆಸ್ರೇ ಇದೆ. ಬಕೋಪದಲ್ಲಿ ಬಕೋಸೈಡ್, ಒಂದೆಲಗದಲ್ಲಿ ಏಷಿಯಾಟಿಕೋಸೈಡ್, ಒಳಗಿನ ಸರಕೂ ಬೇರೆ ಬೇರೆ. ತಂಬುಳಿಗೆ ಯಾವ ಹೆಸ್ರಾದ್ರೂ ನಡೆಯುತ್ತೆ, ಔಷಧಿ ಚೂರ್ಣ ಕೊಳ್ಳುವಾಗ ಮಾತ್ರ ಡಬ್ಬಿ ಮೇಲೆ ಸಸ್ಯಶಾಸ್ತ್ರದ ಹೆಸ್ರು ಓದ್ಲೇಬೇಕು. ಚೂರ್ಣ ಆದ್ಮೇಲೆ ಎರಡೂ ಹಸಿರು ಪುಡಿನೇ, ಒಂದ್ಸಲ ನನ್ನ ಹತ್ರ ಬಂದ ರೋಗಿ ಬ್ರಾಹ್ಮಿ ಅಂತ ತಂದಿದ್ದ ಪುಡಿಲಿ ಕಹಿನೇ ಇರ್ಲಿಲ್ಲ, ಅಲ್ಲೇ ನಂಗೆ ಅನುಮಾನ ಬಂತು.

ಹಿತ್ತಲಗಿಡ:
@ಲ್ಯಾಬ್‌ನಲ್ಲಿರೋನು ತುಂಬ ಥ್ಯಾಂಕ್ಸ್, ಈಗಷ್ಟೇ ಎಲೆ ಹೊಸಕಿ ಮೂಸಿ ನೋಡ್ದೆ, ಕೊತ್ತಂಬರಿ ಅಂದ ಮೇಲೆ ನಿಜವಾಗ್ಲೂ ಆ ಕಡೆಯ ವಾಸನೆ ಅನ್ಸ್ತು! ಹಾಗಾದ್ರೆ ಡಾಕ್ಟ್ರು ಹೇಳಿದ ಆ ಪುಡಿನ ನಿಮ್ಮ ಲ್ಯಾಬಿಗೆ ಕೊಟ್ರೆ ಕಂಡುಹಿಡಿಬಹುದಾ?

ಲ್ಯಾಬ್‌ನಲ್ಲಿರೋನು:
ಬರೀ ಎಲೆ ಪುಡಿ ಆದ್ರೆ ಆಗುತ್ತೆ, ಈ ಎರಡು ಗಿಡ ಅಷ್ಟು ದೂರ ಇರೋದ್ರಿಂದ ಆರ್‌ಬಿಸಿಎಲ್ ಒಂದೇ ಸಾಕು. ಎರಡೂ ಬೆರೆಸಿದ್ರೆ ಹಳೇ ವಿಧಾನದಲ್ಲಿ ಎರಡರ ಅಕ್ಷರಗಳೂ ಒಂದ್ರ ಮೇಲೊಂದು ಬಿದ್ದು ಓದೋಕಾಗಲ್ಲ, ಆಗ ಒಂದೊಂದು ತುಣುಕನ್ನೂ ಬೇರೆ ಬೇರೆ ಓದೋ ಹೊಸ ಮಷೀನ್ ಬೇಕು. ಕಷಾಯ ಕುದಿಸಿ ಸತ್ವ ತೆಗೆದು ಮಾತ್ರೆ ಮಾಡಿದ್ರೆ ಡಿಎನ್‌ಎ ಚೂರುಚೂರಾಗಿರುತ್ತೆ, ಅಲ್ಲಿ ಬಕೋಸೈಡ್ ಇದೆಯಾ ಅಂತ ರಾಸಾಯನಿಕ ಪರೀಕ್ಷೆನೇ ಮಾಡ್ಸಿ. ಮತ್ತೆ ಇದನ್ನೂ ನೆನಪಿಟ್ಕೊಳ್ಳಿ, ಹೆಚ್ಚಿನ ಹೂ ಬಿಡೋ ಗಿಡಗಳಲ್ಲಿ ಕ್ಲೋರೋಪ್ಲಾಸ್ಟ್ ತಾಯಿ ಕಡೆಯಿಂದ ಮಾತ್ರ ಬರೋದು, ಹಾಗಾಗಿ ಎರಡು ಜಾತಿ ಕೂಡಿ ಹುಟ್ಟಿದ ಮಿಶ್ರತಳಿಯಲ್ಲಿ ತಂದೆ ಯಾರು ಅನ್ನೋದನ್ನ ಅದು ಹೇಳಲ್ಲ, ಅದಕ್ಕೆ ನ್ಯೂಕ್ಲಿಯಸ್ ಡಿಎನ್‌ಎ ನೋಡ್ಬೇಕು.

ಪಂಡಿತರ ಮನೆ:
ಆ ಪುಡಿ ಇನ್ನೂ ಸ್ವಲ್ಪ ಇದೆ ಸರ್, ಗಾಳಿಯಾಡದ ಡಬ್ಬಿಲಿ ಇಟ್ಟಿದೀನಿ. ಎಷ್ಟು ಗ್ರಾಂ ಬೇಕು?

ಲ್ಯಾಬ್‌ನಲ್ಲಿರೋನು:
ಒಂದು ಚಮಚ ಸಾಕು ಮೇಡಂ, ತೇವ ತಾಗಿಸ್ಬೇಡಿ ಅಷ್ಟೆ. ಹಿತ್ತಲಗಿಡ ಅವ್ರೇ, ನಿಮ್ಮ ಕುಂಡದ್ದೂ ಬಚ್ಚಲ ಹತ್ರದ್ದೂ ಒಂದೆರಡು ಎಲೆ ನೆರಳಲ್ಲಿ ಒಣಗಿಸಿ ಕಳ್ಸಿ, ಪುಡಿ ಪಕ್ಕ ಇಟ್ಟು ಹೋಲಿಸೋಕೆ ಬೇಕಾಗುತ್ತೆ.