‘ಕಾರ್ಬನ್ ಸಿಂಕ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:

ಮಾನ್ಯರೆ, ಪರಿಸರ ವಿಜ್ಞಾನದ ಪ್ರದರ್ಶನವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅವು ಅಚ್ಚಿಗೆ ಹೋಗಬೇಕು. ಇಂಗಾಲ, ಸಾರಜನಕ, ರಂಜಕಗಳ ಚಕ್ರಗಳಿಗೆ ಪಠ್ಯಪುಸ್ತಕದ ಪದಗಳೇ ಸಾಕಾದವು. ತೊಡಕಾಗಿರುವುದು ‘ಕಾರ್ಬನ್ ಸಿಂಕ್’. ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಅರ್ಧದಷ್ಟನ್ನು ನೆಲವೂ ಕಡಲೂ ಸೆಳೆದುಕೊಳ್ಳುತ್ತವೆ. ಆ ಕೆಲಸ ಮಾಡುವ ಕಾಡು, ಮಣ್ಣು, ಸಾಗರಗಳನ್ನು ಒಟ್ಟಾಗಿ ಏನೆಂದು ಕರೆಯುವುದು? ‘ಸಿಂಕ್’ ಎಂದೇ ಉಳಿಸಿದರೆ ಓದುಗರಿಗೆ ಪಾತ್ರೆ ತೊಳೆಯುವ ಜಾಗ ನೆನಪಾಗುತ್ತದೆ. ‘ಭಂಡಾರ’ವೂ ಒಗ್ಗದು, ನೆಲದಡಿಯ ಕಲ್ಲಿದ್ದಲು ಇಂಗಾಲದ ದೊಡ್ಡ ಭಂಡಾರವೇ ಆದರೂ ಈಗ ಅದು ಗಾಳಿಯಿಂದ ಏನನ್ನೂ ಸೆಳೆಯುತ್ತಿಲ್ಲ.

ಮೊದಲ ಉತ್ತರ:

ಇಷ್ಟು ತಡಕಾಡುವ ಅಗತ್ಯವೇ ಇಲ್ಲ, ‘ಇಂಗುದಾಣ’ ಎನ್ನಿ. ತಂಗುದಾಣ ಬಲ್ಲವರಿಗೆ ರಚನೆ ಹೊಸದಲ್ಲ, ಮಳೆನೀರಿನ ಇಂಗುಗುಂಡಿ ಬಲ್ಲವರಿಗೆ ಅರ್ಥವೂ ಹೊಸದಲ್ಲ. ಅಷ್ಟೇ ಅಲ್ಲ, ‘ಇಂಗಾಲ’ ಹುಟ್ಟಿರುವುದೂ ಇದೇ ‘ಇಂಗು’ ಧಾತುವಿನಿಂದ. ಉರಿ ಇಂಗಿದ ಮೇಲೆ ಉಳಿಯುವುದೇ ಇಂಗಾಲ. ಅಚ್ಚಗನ್ನಡದಲ್ಲಿ ಇಂಥ ಜೋಡಿ ಕೈಗೆಟಕುವಂತಿರುವಾಗ ‘ಅವಶೋಷಕ’ದಂಥ ಪದಗಳನ್ನು ಸಂಸ್ಕೃತದಿಂದ ಹೊತ್ತು ತರುವವರನ್ನು ಕಂಡರೆ ಮರುಕವಾಗುತ್ತದೆ.

ಎರಡನೆಯ ಉತ್ತರ:

ವ್ಯುತ್ಪತ್ತಿ ತಪ್ಪು. ‘ಇಂಗಾಲ’ವು ‘ಅಂಗಾರ’ದ ತದ್ಭವ; ಹಳಗನ್ನಡದ ‘ಇಂಗಳ’ವೂ ಅದೇ, ಅದರ ಅರ್ಥ ಕೆಂಡ. ‘ತಾಣ’ವು ‘ಸ್ಥಾನ’ದ ತದ್ಭವ. ಮೆರೆಸಿದ ಜೋಡಿಯಲ್ಲಿ ಅಚ್ಚಗನ್ನಡವಾಗಿ ಉಳಿಯುವುದು ‘ಇಂಗು’ ಒಂದೇ.

ನನ್ನ ನಿಜವಾದ ಆಕ್ಷೇಪ ‘ತಾಣ’ದ ಮೇಲೆ. ಇಲ್ಲಿ ಹೆಸರಿಸಬೇಕಾಗಿರುವುದು ಸ್ಥಳವನ್ನಲ್ಲ, ಲೆಕ್ಕವನ್ನು. ಒಂದು ಕಾಡು ದ್ಯುತಿಸಂಶ್ಲೇಷಣೆಯಿಂದ ಒಳಗೆಳೆದುಕೊಳ್ಳುವ ಇಂಗಾಲವು ಅದರ ಉಸಿರಾಟ, ಕೊಳೆತ, ಬೆಂಕಿಗಳಿಂದ ಹೊರಹೋಗುವುದಕ್ಕಿಂತ ಹೆಚ್ಚಾಗಿರುವವರೆಗೆ ಮಾತ್ರ ಅದು ಸಿಂಕ್. ಲೆಕ್ಕ ತಿರುಗಿದೊಡನೆ ಅದೇ ಕಾಡು ಇಂಗಾಲವನ್ನು ಗಾಳಿಗೆ ಬಿಡುವ ಮೂಲವಾಗುತ್ತದೆ. ಅಮೆಜಾನಿನ ಆಗ್ನೇಯ ಭಾಗದಲ್ಲಿ ಹೀಗೆ ತಿರುಗಿರುವುದನ್ನು 2021ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ಅದನ್ನು ಆಮೇಲೂ ‘ಇಂಗುದಾಣ’ ಎನ್ನುತ್ತೀರಾ? ಇನ್ನು ಇಂಗಾಲವಿರುವ ಮತ್ತೊಂದು ಅನಿಲವಾದ ಮೀಥೇನಿಗೆ ಬನ್ನಿ. ಅದರ ಬಹುಪಾಲು ಎಲ್ಲಿಯೂ ಇಂಗುವುದಿಲ್ಲ. ಗಾಳಿಯಲ್ಲೇ ಹೈಡ್ರಾಕ್ಸಿಲ್ ಎಂಬ ಚುರುಕು ಕಣದೊಡನೆ ವರ್ತಿಸಿ ಸುಮಾರು ಹತ್ತು ವರ್ಷಗಳಲ್ಲಿ ಇಲ್ಲವಾಗುತ್ತದೆ. ಆ ವರ್ತನೆಯನ್ನೂ ವಿಜ್ಞಾನಿಗಳು ಸಿಂಕ್ ಎಂದೇ ಕರೆಯುತ್ತಾರೆ. ಮೂಲಕ್ಕೆ ಎದುರಾಗಿ ‘ವ್ಯಯ’ ಎಂದರೆ ಎರಡಕ್ಕೂ ಹೊಂದುತ್ತದೆ.

ಮೊದಲ ಉತ್ತರದವರ ಪ್ರತಿಕ್ರಿಯೆ:

ತದ್ಭವವೂ ಕನ್ನಡವೇ, ನಾಲಗೆಗೆ ಒಗ್ಗಿದ ಮೇಲೆ ಅದರ ಕುಲ ಕೇಳುವುದಿಲ್ಲ. ನಾನು ಒಲ್ಲೆನೆನ್ನುವುದು ಟಂಕಿಸಿದ ತತ್ಸಮಗಳನ್ನು. ಎಲ್ಲ ಆಮ್ಲಗಳಲ್ಲೂ ಇರುತ್ತದೆಂದು ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೇ ತಪ್ಪು ತಿಳಿದು ಇಟ್ಟ ಹೆಸರನ್ನು ‘ಆಮ್ಲಜನಕ’ವೆಂದು ತಪ್ಪಿನ ಸಮೇತ ಆಮದು ಮಾಡಿಕೊಂಡೆವು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದರ ಸುಳಿವೇ ಇಲ್ಲ. ‘ವ್ಯಯ’ ಎಂದು ಫಲಕದಲ್ಲಿ ಬರೆದರೆ ಓದುಗರು ಇಂಗಾಲ ದಂಡವಾಯಿತೆಂದು ತಿಳಿದಾರು.

ಎರಡನೆಯ ಉತ್ತರದವರಿಂದ:

ಆಮ್ಲಜನಕದ ತಪ್ಪು ಫ್ರೆಂಚಿನದು, ಸಂಸ್ಕೃತದ್ದಲ್ಲ. ‘ಸಾರಜನಕ’ವೂ ಅದೇ ಅಚ್ಚಿನ ಪದ, ಆದರೆ ಅದು ಮೂಲದ ‘ನೈಟ್ರೋಜನ್’ ಎಂಬ ಹೆಸರಿಗಿಂತ ಸೊಗಸಾಗಿದೆ: ಅಲ್ಲಿ ಸಿಡಿಮದ್ದಿನ ಪೆಟ್ಲುಪ್ಪನ್ನು ಹುಟ್ಟಿಸುವುದು, ಇಲ್ಲಿ ಮಣ್ಣಿನ ಸಾರವನ್ನು.

ಪ್ರಶ್ನೆ ಕೇಳಿದವರಿಂದ:

ಇವೆಲ್ಲವನ್ನೂ ಓದಿ ಸ್ವಲ್ಪ ಹೊತ್ತು ಇಂಗು ತಿಂದ ಮಂಗನಂತಾಗಿದ್ದೆ. ಕೊನೆಗೆ ಹೊಳೆದದ್ದೇನೆಂದರೆ, ಸ್ಥಳವನ್ನು ಸೂಚಿಸದೆ ಆಗುತ್ತಿರುವುದನ್ನು ಮಾತ್ರ ಹೇಳಬೇಕಾದರೆ ನಾಮಪದವನ್ನು ಬಿಟ್ಟು ಕ್ರಿಯಾಪದವನ್ನೇ ಹಿಡಿಯುವುದು ಕನ್ನಡಕ್ಕೆ ಸಹಜ. ‘ಈ ಕಾಡು ಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು ಇಂಗಿಸಿಕೊಳ್ಳುತ್ತದೆ’ ಎಂದು ಬರೆದಿದ್ದೇನೆ. ಲೆಕ್ಕ ತಿರುಗಿದರೆ ವಾಕ್ಯವೂ ತಿರುಗುತ್ತದೆ. ಮೀಥೇನಿನ ಫಲಕದಲ್ಲಿ ‘ಗಾಳಿಯಲ್ಲೇ ಕಳೆದುಹೋಗುತ್ತದೆ’ ಎಂದಿದೆ. ತಲೆಬರಹ ‘ಇಂಗಾಲ ಎಲ್ಲಿ ಇಂಗುತ್ತದೆ?’ ಎಂದಾಗಿ ಅಚ್ಚಿಗೆ ಹೋಯಿತು.