ಅಪ್‌ಡೇಟ್: ದೊಡ್ಡಪ್ಪನ ಹಳೆ ಸೀಕೊ ಕ್ವಾರ್ಟ್ಜ್ ಓಡ್ತಾ ಇದೆ

ದೊಡ್ಡಪ್ಪ ಬಹರೈನ್‌ನಿಂದ ತಂದಿದ್ದ ಸ್ಟೀಲ್ ಸೀಕೊ ಕ್ವಾರ್ಟ್ಜ್ (ಸೆಲ್ಲಿನಲ್ಲಿ ಓಡುವ) ವಾಚ್ ನಿಂತುಹೋಗಿದೆ, ರಿಪೇರಿ ಮಾಡಿಸೋದಾ ಬಿಡೋದಾ ಅಂತ ಕೇಳಿದ್ದೆ. 'ಸೆಲ್ ವಾಚಿಗೆಲ್ಲ ಯಾರು ದುಡ್ಡು ಹಾಕ್ತಾರೆ' ಅಂದವರೇ ಜಾಸ್ತಿ.

ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಬ್ಬರು ಹಿರಿಯ ರಿಪೇರಿಯವರಿಗೆ ಕೊಟ್ಟೆ. ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿದರು. ಹಳೆ ಸೆಲ್ ಸೋರಿ, ಅದು ತಾಗುವ ತಗಡಿನ ಮೇಲೆ ಹಸಿರು ಪುಡಿ ಕೂತಿತ್ತು. "ಮೆಷಿನ್ ಲಾಯ್ಕ ಉಂಟು ಮಾರಾಯ್ರೆ, ಬಿಸಾಡ್ಬೇಡಿ" ಅಂದರು. ಪುಡಿ ಒರೆಸಿ, ಹೊಸ ಸೆಲ್, ಹೊಸ ರಬ್ಬರ್ ರಿಂಗ್ ಹಾಕಿದರು. ಬೆವರು, ತೇವ ಒಳಗೆ ಹೋಗದ ಹಾಗೆ ನಮ್ಮ ಕರಾವಳಿ ಸೆಖೆಗೆ ಆ ರಿಂಗ್ ಬೇಕೇ ಬೇಕು. ಒಟ್ಟು 350 ರೂಪಾಯಿ.

ಈಗ ಕೈಯಲ್ಲಿದೆ. ತೆಳ್ಳಗೆ, ಅಂಗಿಯ ತೋಳಿನೊಳಗೆ ಸುಮ್ನೆ ಕೂರುತ್ತದೆ. ವಾರದ ಹೆಸರು ಇಂಗ್ಲಿಷಿನಲ್ಲೂ ಬರುತ್ತದೆ, ಅರಬಿಯಲ್ಲೂ. ಗಲ್ಫ್ ಮಾಲು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಹಾಗಾಗಿ ಕೀ ಕೊಡುವ ವಾಚಿಗಿಂತ ಟೈಮ್ ಪಕ್ಕಾ. 1969ರಲ್ಲಿ ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಿದಾಗ ಅದರ ಬೆಲೆ ಒಂದು ಸಣ್ಣ ಕಾರಿನಷ್ಟಿತ್ತು. ಈಗ ಅದೇ ಜಾತಿಯದನ್ನು ಯಾರೂ ತಿರುಗಿ ನೋಡಲ್ಲ, ವಿಚಿತ್ರ ಅಲ್ವಾ? ನನಗಂತೂ ಇದೇ ಲಾಭ.

ಪಾಲಿಶ್ ಮಾಡಿಸಲಿಲ್ಲ. ಗೀರುಗಳೆಲ್ಲ ದೊಡ್ಡಪ್ಪನವು, ಇರಲಿ. ನಿಂತ ವಾಚ್ ಮನೆಯಲ್ಲಿದ್ದರೆ ಸೆಲ್ ಮಾತ್ರ ಇವತ್ತೇ ತೆಗೆಸಿಡಿ.

ಚೈನಿನ ಒಂದು ಪಿನ್ ಸಡಿಲ ಇದೆ. ಉಡುಪಿ ಕಡೆ ಹಳೆ ಪಿನ್ ಸಿಗುವ ಅಂಗಡಿ ಗೊತ್ತಿದ್ದರೆ ಹೇಳಿ.