ಪದಚರ್ಚೆ: ಶಿಲೀಂಧ್ರವಲ್ಲದ ‘ಶಿಲೀಂಧ್ರ’ಕ್ಕೆ ಏನೆನ್ನಬೇಕು?

ಮಾನ್ಯರೆ,

ಕಣ್ಣಿನ ಆಸ್ಪತ್ರೆಯೊಂದು ರೋಗಿಗಳ ಕೈಗೆ ಕೊಡುವ ತಿಳಿವಳಿಕೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಒಂದೇ ವಾಕ್ಯದಲ್ಲಿ ಮೂರು ಕಡೆ ಲೇಖನಿ ನಿಂತಿತು. ವಾಕ್ಯದ ಸಾರ ಇಷ್ಟು: ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ) ಹುಣ್ಣಿನಿಂದ ತೆಗೆದ ಮಾದರಿಯಲ್ಲಿ ಶಿಲೀಂಧ್ರದಂಥ ಎಳೆಗಳು ಕಂಡಿವೆ, ಆದರೆ ಅದು ಶಿಲೀಂಧ್ರವಲ್ಲ, ಪೈಥಿಯಂ, ಆದ್ದರಿಂದ ಔಷಧವನ್ನು ಬದಲಿಸಲಾಗಿದೆ.

ಕಾರ್ನಿಯಾದ ತೊಡಕು ದೊಡ್ಡದಲ್ಲ. ‘ಪಾರಪಟಲ’ ಪಠ್ಯಪುಸ್ತಕದಲ್ಲಿದೆ, ಆಸ್ಪತ್ರೆಯ ಸಾಲಿನಲ್ಲಿ ನಿಂತವರ ಬಾಯಲ್ಲಿ ಇಲ್ಲ. ಜನ ‘ಕರಿಗುಡ್ಡೆ’ ಎನ್ನುತ್ತಾರೆ, ಹುಣ್ಣು ಮಾಗಿ ಬಿಳಿ ಕಲೆ ಉಳಿದರೆ ‘ಹೂ ಬಿದ್ದಿದೆ’ ಎನ್ನುತ್ತಾರೆ. ಕಪ್ಪಾಗಿ ಕಾಣುವುದು ಕಾರ್ನಿಯಾದ ಹಿಂದಿರುವ ಭಾಗ ಎಂದು ಯಾರಾದರೂ ತಕರಾರು ತೆಗೆಯಬಹುದು. ಆದರೂ ‘ಕರಿಗುಡ್ಡೆಯ ಹುಣ್ಣು’ ಎಂದೇ ಇಟ್ಟುಕೊಂಡಿದ್ದೇನೆ.

ಎರಡನೆಯದು ಮಾದರಿ ತೆಗೆಯುವ ಕ್ರಿಯೆ. ಮರಗಟ್ಟಿಸುವ ಹನಿ ಹಾಕಿ, ಸಣ್ಣ ಅಲಗಿನಿಂದ ಹುಣ್ಣಿನ ಅಂಚನ್ನೂ ತಳವನ್ನೂ ಮೆಲ್ಲಗೆ ಕೆರೆದು, ಬಂದಷ್ಟನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಶೇ. 10ರ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿಸುತ್ತಾರೆ. ಅದು ಉಳಿದ ಜೀವಕೋಶಗಳನ್ನು ಕರಗಿಸುವುದರಿಂದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತವೆ. ಮೊದಲ ಕರಡಿನಲ್ಲಿ ನಾನು ‘ಕೆರೆತ ಪರೀಕ್ಷೆ’ ಎಂದು ಬರೆದಿದ್ದೆ. ಅದನ್ನು ಓದಿದ ಹಿರಿಯರೊಬ್ಬರು, ‘ನಮ್ಮ ಹುಡುಗನಿಗೆ ನೋವು, ನೀರು ಸುರಿಯುವುದು ಎಲ್ಲ ಇದೆ, ಕೆರೆತ ಮಾತ್ರ ಇಲ್ಲವಲ್ಲ ಸ್ವಾಮಿ’ ಎಂದರು. ಅವರ ಮಾತು ನ್ಯಾಯವಾದದ್ದೇ: ‘ಕೆರೆ’ ಧಾತು ಸರಿಯಿದ್ದರೂ ‘ಕೆರೆತ’ ಎಂದೊಡನೆ ಕಿವಿಗೆ ಕೇಳುವುದು ತುರಿಕೆ. ಕರಾವಳಿಯವರು ತೆಂಗಿನಕಾಯಿಗೆ ಬಳಸುವ ‘ಹೆರೆ’ಯನ್ನು ತಂದು ‘ಹೆರೆದ ಮಾದರಿ’ ಎನ್ನೋಣವೆಂದರೆ ಕಣ್ಣಿನ ವಿಷಯದಲ್ಲಿ ಅದು ತೀರಾ ಒರಟು. ಸದ್ಯಕ್ಕೆ ‘ಹುಣ್ಣಿನಿಂದ ತೆಗೆದ ಮಾದರಿ’ ಎಂದು ಸುತ್ತುಬಳಸಿ ದಾಟಿದ್ದೇನೆ.

ನಿಜವಾದ ತೊಡಕು ಮೂರನೆಯದು. ಸಂಸ್ಕೃತದ ‘ಶಿಲೀಂಧ್ರ’ ಎಂದರೆ ಅಣಬೆ, ನಾಯಿಕೊಡೆ. ಆಧುನಿಕ ವಿಜ್ಞಾನದ ಬರಹ ಅದನ್ನು ಇಡೀ ವರ್ಗಕ್ಕೆ ಹಿಗ್ಗಿಸಿತು, ಪತ್ರಿಕೆಗಳು 2021ರಲ್ಲಿ, ಕೋವಿಡ್ ಕಾಲದಲ್ಲಿ, ಮನೆಮಾತಾಗಿಸಿದವು. ಆದರೆ ಆಗ ಮ್ಯೂಕರ್‌ಮೈಕೋಸಿಸ್ ಎಂಬ ಸೋಂಕಿಗೆ ಅಂಟಿದ ‘ಕಪ್ಪು ಶಿಲೀಂಧ್ರ’ ಎಂಬ ಹೆಸರಿನಲ್ಲಿ ಕಪ್ಪಾದದ್ದು ಶಿಲೀಂಧ್ರವಲ್ಲ, ರಕ್ತ ಸಂಚಾರ ಕಡಿದು ಸತ್ತ ಊತಕ. ಎಳೆಯಲ್ಲೇ ಕಪ್ಪು ವರ್ಣಕವಿರುವ ಶಿಲೀಂಧ್ರಗಳು ಬೇರೆಯೇ ಇವೆ. ಕರಿಗುಡ್ಡೆಯ ಹುಣ್ಣಿಗೆ ಕಾರಣವಾಗುವ ಕರ್ವುಲೇರಿಯಾ ಅಂಥದ್ದು. ಈಗ ಅದನ್ನು ಕಪ್ಪು ಶಿಲೀಂಧ್ರ ಎಂದರೆ ರೋಗಿ ಕಂಗಾಲಾಗುತ್ತಾನೆ, ಏಕೆಂದರೆ ಆ ಹೆಸರಿನ ಜೊತೆಗೆ ಕಣ್ಣುಗುಡ್ಡೆಯನ್ನೇ ತೆಗೆದ ಸುದ್ದಿಗಳೂ ನೆನಪಿಗೆ ಬರುತ್ತವೆ. ಅದಕ್ಕೆ ‘ಕರಿ ಎಳೆಯ ಶಿಲೀಂಧ್ರ’ ಎಂದು ಬರೆದಿದ್ದೇನೆ; ತೃಪ್ತಿಯಿಲ್ಲ.

‘ಬೂಷ್ಟು’ ಎನ್ನಬಾರದೇಕೆ ಎಂದು ಕೇಳುವವರಿದ್ದಾರೆ. ನನಗೂ ಆ ಪದ ಇಷ್ಟವೇ. ಆದರೆ ಬೂಷ್ಟು ಹಿಡಿಯುವುದು ಹಳಸಿದ ರೊಟ್ಟಿಗೆ, ಮಳೆಗಾಲದ ಚಪ್ಪಲಿಗೆ. ಜೀವವಿರುವ ಕಣ್ಣಿಗೆ ಬೂಷ್ಟು ಹಿಡಿಯಿತು ಎಂದರೆ ನಂಬುವುದು ಕಷ್ಟ. ಜರ್ಮನಿಯ ಥಿಯೋಡೋರ್ ಲೆಬರ್ 1879ರಲ್ಲಿ ಇಂಥ ಹುಣ್ಣನ್ನು ಮೊದಲು ವರ್ಣಿಸಿದ್ದು ಒಕ್ಕಣೆಯಲ್ಲಿ ಓಟ್ಸ್ ಹೊಟ್ಟು ಕಣ್ಣಿಗೆ ಸಿಡಿದಿದ್ದ ರೈತನೊಬ್ಬನಲ್ಲಿ. ನಮ್ಮಲ್ಲಿಯೂ ಭತ್ತದ ಹೊಟ್ಟು, ಕಬ್ಬಿನ ರವದಿ ತಾಗಿದವರೇ ಹೆಚ್ಚಾಗಿ ಬರುತ್ತಾರೆ, ಮತ್ತು ಹೊಟ್ಟಿನ ಚೂರು ಇನ್ನೂ ಕಣ್ಣೊಳಗೇ ಉಳಿದಿದೆ ಎಂದು ತಿಳಿದಿರುತ್ತಾರೆ. ಆ ಚೂರಿನ ಜೊತೆಗೆ ಬಂದ ಫ್ಯುಸೇರಿಯಮ್ ಅಥವಾ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಕರಿಗುಡ್ಡೆಯಲ್ಲಿ ಬೇರುಬಿಟ್ಟಿದೆ ಎಂಬುದನ್ನು ತಿಳಿಸಲು, ಅಪರಿಚಿತವಾದರೂ ‘ಶಿಲೀಂಧ್ರ’ವೇ ಮೇಲೆಂದು ನನ್ನ ಎಣಿಕೆ.

ಈಗ ಪೈಥಿಯಂ. ಕಣ್ಣಿಗೆ ಬರುವುದು ಪೈಥಿಯಂ ಇನ್ಸಿಡಿಯೋಸಮ್ ಎಂಬ ಜಾತಿ. ಎಳೆಯಾಗಿ ಬೆಳೆಯುತ್ತದೆ, ಹುಣ್ಣೂ ಶಿಲೀಂಧ್ರದ ಹುಣ್ಣಿನಂತೆಯೇ ಕಾಣುತ್ತದೆ. ವಂಶದಲ್ಲಿ ಮಾತ್ರ ಶಿಲೀಂಧ್ರಕ್ಕೆ ದೂರ, ಕೆಲವು ಪಾಚಿಗಳಿಗೆ ಹತ್ತಿರ. ಶಿಲೀಂಧ್ರದ ಹುಣ್ಣಿಗೆ ಸಾಮಾನ್ಯವಾಗಿ ಮೊದಲು ಹಾಕುವುದು ಶೇ. 5ರ ನಟಮೈಸಿನ್ ಹನಿ. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಹೋಲಿಕೆ ಪ್ರಯೋಗದಲ್ಲಿ, ಅದರಲ್ಲೂ ಫ್ಯುಸೇರಿಯಮ್ ಹುಣ್ಣುಗಳಲ್ಲಿ, ಅದು ವೊರಿಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಹನಿಗಿಂತ ಮೇಲೆಂದು ಕಂಡುಬಂದಿತು. ಈ ಔಷಧಗಳು ಹಿಡಿಯುವ ಗುರಿ ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು. ಪೈಥಿಯಂನ ಕೋಶಪೊರೆಯಲ್ಲಿ ಅದಿಲ್ಲದ ಕಾರಣ ಅವು ನಾಟುವುದಿಲ್ಲ. ಅದಕ್ಕೆ ಲಿನೆಜೋಲಿಡ್, ಅಜಿತ್ರೋಮೈಸಿನ್‌ಗಳಂಥ, ಬ್ಯಾಕ್ಟೀರಿಯಾ ಕೊಲ್ಲಲು ಬಳಸುವ ಔಷಧಗಳನ್ನೇ ಕೊಡುತ್ತಾರೆ, ತಡವಾದವರಿಗೆ ಕಾರ್ನಿಯಾ ಕಸಿಯವರೆಗೂ ಹೋಗಬೇಕಾಗುತ್ತದೆ. ಗುರುತು ಹಿಡಿಯುವ ವಿಧಾನ ಸೊಗಸಾದದ್ದು: ಬೆಳೆಸಿದ ಎಳೆಗಳ ಜೊತೆ ಹುಲ್ಲಿನ ಅಥವಾ ಎಲೆಯ ತುಣುಕನ್ನು ನೀರಿನಲ್ಲಿ ಬಿಟ್ಟು ಕಾದರೆ, ಪೈಥಿಯಂ ಆಗಿದ್ದಲ್ಲಿ ಈಜಾಡುವ ಬೀಜಾಣುಗಳು ಹೊರಬರುತ್ತವೆ. ಫ್ಯುಸೇರಿಯಮ್ ಎಂದೂ ಈಜುವುದಿಲ್ಲ.

ಆದ್ದರಿಂದ ಇಲ್ಲಿ ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ‘ಹುಸಿಶಿಲೀಂಧ್ರ’ ಎಂಬ ಸಲಹೆ ಬಂದಿತ್ತು. ‘ಹುಸಿ ಬಾಂಬ್ ಕರೆ’ ಓದಿ ಬೆಳೆದವರಿಗೆ ಅದು ಇಲ್ಲದ ರೋಗದಂತೆ ಕೇಳಿಸುತ್ತದೆ. ‘ನೀರುಬೂಷ್ಟು’ ಚೆನ್ನಾಗಿದೆ, ಆದರೆ ಬೂಷ್ಟು ಎಂದೊಡನೆ ಔಷಧದಂಗಡಿಯಾತ ಮತ್ತೆ ಶಿಲೀಂಧ್ರದ ಹನಿಯನ್ನೇ ಕೊಡಬಹುದು.

ನಮ್ಮ ರೈತರು ಈ ಕುಲವನ್ನು ಬಲ್ಲರು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಇದರ ದಾಯಾದಿ; ಶುಂಠಿಯ ಗೆಡ್ಡೆಕೊಳೆಯಂತೂ ಹೆಚ್ಚಾಗಿ ಪೈಥಿಯಂನ ಬೇರೆ ಜಾತಿಗಳದೇ ಕೆಲಸ. ಕಾಫಿಯ ಕೊಳೆರೋಗ ತರುವುದು ಮಾತ್ರ ನಿಜವಾದ ಶಿಲೀಂಧ್ರ; ಅದಕ್ಕೆ 1876ರಲ್ಲೇ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟು ನಮ್ಮ ಪದವನ್ನು ಲ್ಯಾಟಿನ್ ಹೆಸರಿನೊಳಗೆ ಸೇರಿಸಿದರು. ಆದರೆ ‘ಕೊಳೆ’ ಎಂಬುದು ಕಣ್ಣಿಗೆ ಕಾಣುವ ಕೇಡಿನ ಹೆಸರು, ಕೇಡು ಮಾಡುವ ಜೀವಿಯದಲ್ಲ. ಅಡಿಕೆಗೂ ಕಾಫಿಗೂ ಬರುವ ಕೊಳೆಗಳ ಕಾರಣ ಬೇರೆಬೇರೆಯಾದರೂ ಪದ ಒಂದೇ. ನನಗೆ ಬೇಕಾದದ್ದು ಜೀವಿಗೆ ಇರುವ ಹೆಸರು. ಮಲೆನಾಡು, ಕೊಡಗು, ಹಾಸನದ ಕಡೆ ಶುಂಠಿ ಬೆಳೆಯುವವರು ಕೊಳೆತ ಗೆಡ್ಡೆಯನ್ನು ಮುರಿದಾಗ ಒಳಗೆ ಕಾಣುವ ಬಿಳಿ ಎಳೆಗೆ, ರೋಗಕ್ಕಲ್ಲ, ಆ ಎಳೆಗೇ, ಬೇರೆ ಪದ ಬಳಸುವುದನ್ನು ಯಾರಾದರೂ ಕೇಳಿದ್ದರೆ ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಬೇಕು. ಅಲ್ಲಿಯವರೆಗೆ ಕರಡಿನಲ್ಲಿ ‘ಪೈಥಿಯಂ ಎಂಬ ನೀರಿನ ಸೂಕ್ಷ್ಮಜೀವಿ’ ಎಂದಿರುತ್ತದೆ.